ಅಪ್‌ಡೇಟ್: ಶ್ರೀಲಂಕಾ ಏಳು ದಿನ, ಕಾರು–ಡ್ರೈವರ್ ಜೊತೆ

ಸಿಗಿರಿಯಾ, ಕ್ಯಾಂಡಿ, ಎಲ್ಲ (ಊರಿನ ಹೆಸರೇ ಅದು!), ಯಾಲ (ವನ್ಯಜೀವಿ ಉದ್ಯಾನ), ಗಾಲೆ, ಜೊತೆಗೆ ಟ್ರಿಂಕೋಮಲಿ, ಇಷ್ಟೂ ಒಂದು ವಾರದಲ್ಲಿ ಆಗುತ್ತದಾ ಎಂದು ಕೇಳಿದ್ದೆ. ಆಗಲ್ಲ. ಟ್ರಿಂಕೋಮಲಿ ಕೈಬಿಟ್ಟೆ. ಹೇಗೂ ಡಿಸೆಂಬರ್–ಫೆಬ್ರವರಿಯಲ್ಲಿ ಅದಿರುವ ಪೂರ್ವ ಕರಾವಳಿಗೆ ಮಳೆ, ದಕ್ಷಿಣಕ್ಕೆ ಬಿಸಿಲು.

ರಾತ್ರಿಗಳ ಲೆಕ್ಕ: ಸಿಗಿರಿಯಾ 2, ಕ್ಯಾಂಡಿ 1, ಎಲ್ಲ 1, ಯಾಲಕ್ಕೆಂದು ಅದರ ಹತ್ತಿರದ ಊರು ತಿಸ್ಸಮಹಾರಾಮ 1, ಗಾಲೆ 1. ವಿಮಾನ ನಿಲ್ದಾಣದಿಂದ ಸಿಗಿರಿಯಾ ಸುಮಾರು 150 ಕಿ.ಮೀ. ಅಷ್ಟೇ, ಆದರೂ ನಾಲ್ಕು ಗಂಟೆ ಹಿಡಿಯಿರಿ. ರಸ್ತೆ ಊರೂರಿನ ಪೇಟೆಯೊಳಗೇ ಹಾಯುತ್ತದೆ. ಸಿಗಿರಿಯಾದ ಕೋಟೆ ಬಂಡೆಗೆ ಸುಮಾರು 1,200 ಮೆಟ್ಟಿಲು, ನೆರಳು ಕಡಿಮೆ. ಬಾಗಿಲು ತೆರೆಯುವ ಹೊತ್ತಿಗೇ ಹತ್ತಬೇಕು.

ಎಲ್ಲರೂ ಎಡವುವುದು ರೈಲಿನಲ್ಲಿ. ಕ್ಯಾಂಡಿಯಿಂದ ಎಲ್ಲಕ್ಕೆ ಆರೇಳು ಗಂಟೆ. ಕಾಯ್ದಿರಿಸುವ ಸೀಟು ಬೇಗ ಮುಗಿದುಹೋಗುತ್ತವೆ. ನಾನು ಆರಿಸಿದ್ದು: ನಡುವಿನ ‘ನಾನು ಓಯ’ ಎಂಬ ನಿಲ್ದಾಣದವರೆಗೆ ಕಾರು, ಅಲ್ಲಿಂದ ಮೂರು ಗಂಟೆ ರೈಲು. ಲಗೇಜು ಕಾರಲ್ಲೇ ಇರಲಿ, ಡ್ರೈವರ್ ‘ಎಲ್ಲ’ದ ನಿಲ್ದಾಣಕ್ಕೆ ಬರುತ್ತಾರೆ. ಮಳೆಗೆ ಹಳಿ ಮೇಲೆ ಗುಡ್ಡ ಕುಸಿಯುವುದುಂಟು, ಹಿಂದಿನ ದಿನ ವಿಚಾರಿಸಿ.

ಡ್ರೈವರ್ ಜೊತೆ ಬರವಣಿಗೆಯಲ್ಲಿ ಆಗಬೇಕಾದ್ದು: ದಿನಕ್ಕೆ ಎಷ್ಟು ಕಿ.ಮೀ., ಪೆಟ್ರೋಲು, ಹೆದ್ದಾರಿ ಟೋಲ್, ಅವರ ಊಟ–ವಸತಿ ಯಾರದು. ಪ್ರತಿ ಹುಣ್ಣಿಮೆಗೆ ‘ಪೋಯ’ ಎಂಬ ಬೌದ್ಧ ರಜೆ. ಅಂದು ಮದ್ಯ ಸಿಗದು.