ಗುವಾಂಗ್‌ಝೌ: ಕ್ಯಾಂಟನ್ ಫೇರ್‌ಗೆ ಮುಂಚೆ ಸಿಗುವ ಎರಡು ದಿನದಲ್ಲಿ ಊರು ಸುತ್ತುವುದು ಹೇಗೆ?

ಪಾತ್ರೆ ವ್ಯಾಪಾರಿ, ದಾವಣಗೆರೆ

ಕ್ಯಾಂಟನ್ ಫೇರ್‌ನ (ಚೀನಾದ ದೊಡ್ಡ ವ್ಯಾಪಾರ ಮೇಳ) ಎರಡನೇ ಹಂತಕ್ಕೆ (ಅಕ್ಟೋಬರ್ 23ರಿಂದ 27) ಗುವಾಂಗ್‌ಝೌಗೆ ಹೊರಟಿದ್ದೇನೆ. ಅಡುಗೆಮನೆ ಸಾಮಾನು ನೋಡುವ ಕೆಲಸ. 20ರ ರಾತ್ರಿ ಇಳಿಯುವುದರಿಂದ 21 ಮತ್ತು 22 ಪೂರ್ತಿ ಬಿಡುವಿದೆ. ಚೀನೀ ಭಾಷೆ ಒಂದಕ್ಷರವೂ ಬರುವುದಿಲ್ಲ. ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ದುಡ್ಡು ಕೊಡುವುದು ಹೇಗೆ, ಒಬ್ಬನೇ ಓಡಾಡಬಹುದಾ, ಕ್ಯಾಂಟನ್ ಟವರ್ ಬಿಟ್ಟರೆ ನೋಡಲೇಬೇಕಾದದ್ದು ಏನು, ಊಟಕ್ಕೆ ಏನು ಮಾಡಬೇಕು? ವಾಪಸ್ ಬರುವಾಗ ಹಾಂಗ್‌ಕಾಂಗ್ ಮೂಲಕ ಬರುವ ಯೋಚನೆ ಇದೆ. ವೀಸಾ ಸಿಂಗಲ್ ಎಂಟ್ರಿ.

ಆಮದು ರಫ್ತು

ಒಬ್ಬರೇ ಆರಾಮಾಗಿ ಓಡಾಡಬಹುದು, ಆದರೆ ಫೋನ್ ಸಜ್ಜಾಗಿರಬೇಕು. ಆ ಕೆಲಸವನ್ನು ದಾವಣಗೆರೆಯಲ್ಲೇ ಮುಗಿಸಿ. ಅಲ್ಲಿಗೆ ಹೋದ ಮೇಲೆ ಗೂಗಲ್ ಪ್ಲೇ ತೆರೆಯುವುದಿಲ್ಲ. ಹೋಟೆಲ್ ವೈಫೈಯಲ್ಲಿ ವಾಟ್ಸಾಪ್, ಜಿಮೇಲ್ ಕೂಡ ಬರುವುದಿಲ್ಲ. ಇಲ್ಲಿನ ಸಿಮ್‌ಗೆ ಚೀನಾ ಸೇರಿರುವ ರೋಮಿಂಗ್ ಪ್ಯಾಕ್ ಹಾಕಿಸಿದರೆ ಎಲ್ಲವೂ ಎಂದಿನಂತೆ ನಡೆಯುತ್ತದೆ, ಏಕೆಂದರೆ ರೋಮಿಂಗ್ ಡೇಟಾ ನಮ್ಮ ಕಂಪನಿಯ ನೆಟ್‌ವರ್ಕ್ ಮೂಲಕವೇ ಇಂಟರ್ನೆಟ್‌ಗೆ ಹೋಗುತ್ತದೆ.

ಯುಪಿಐ ಅಲ್ಲಿ ನಡೆಯುವುದಿಲ್ಲ, ರುಪೇ ಕಾರ್ಡ್ ನಂಬಿಕೊಂಡು ಹೋಗಬೇಡಿ. ಅಲ್ಲಿನ ಪಾವತಿ ಆ್ಯಪ್ ಅಲಿಪೇ ಇಳಿಸಿಕೊಂಡು ಪಾಸ್‌ಪೋರ್ಟ್ ವಿವರ ಕೊಟ್ಟು, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಸೇರಿಸಿ. ಅದಕ್ಕೂ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಮಾಡಿರಬೇಕು, ಇಲ್ಲದಿದ್ದರೆ ಕಾರ್ಡ್ ಸೇರಿಸುವಾಗಲೇ ತಿರಸ್ಕಾರವಾಗುತ್ತದೆ. ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡ್ ಇರಲಿ. ಚೀನಾದಿಂದ ಮೊದಲ ಪಾವತಿ ಬಂದ ಕೂಡಲೇ ವಂಚನೆ ಅಂದುಕೊಂಡು ತಡೆಹಿಡಿಯುವ ಬ್ಯಾಂಕ್‌ಗಳಿವೆ. ಓಟಿಪಿ ಬರಲು ಇಲ್ಲಿನ ಸಿಮ್ ಚಾಲೂ ಇರಬೇಕು. 200 ಯುವಾನ್‌ವರೆಗಿನ ಬಿಲ್‌ಗೆ ಅಲಿಪೇ ಹೆಚ್ಚುವರಿ ಶುಲ್ಕ ಹಾಕುವುದಿಲ್ಲ, ಅದಕ್ಕಿಂತ ದೊಡ್ಡ ಬಿಲ್‌ಗೆ ಶೇ. 3. ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಬೇರೆ.

ಎಡವಟ್ಟಾಗುವುದು ಬೀದಿಬದಿ ವ್ಯಾಪಾರಿಗಳ ಹತ್ತಿರ. ಅವರಲ್ಲಿ ಕೆಲವರು ತಮ್ಮ ಸ್ವಂತ ಖಾತೆಯ ಕ್ಯೂಆರ್ ಅಂಟಿಸಿರುತ್ತಾರೆ. ವಿದೇಶಿ ಕಾರ್ಡ್‌ನಿಂದ ಅಂಗಡಿ ಖಾತೆಗೆ ದುಡ್ಡು ಹೋಗುತ್ತದೆಯೇ ಹೊರತು ವ್ಯಕ್ತಿಗಳ ಖಾತೆಗೆ ಹೋಗುವುದಿಲ್ಲ. ಅಂಥ ಕಡೆಗೆ 10, 20ರ ನೋಟುಗಳಲ್ಲಿ 300 ಯುವಾನ್ ಜೇಬಲ್ಲಿರಲಿ. ವೀಚಾಟ್ (ವಾಟ್ಸಾಪ್ ತರಹದ ಚೀನೀ ಆ್ಯಪ್) ಕೂಡ ಬೇಕೇಬೇಕು, ಅಲ್ಲಿ ವ್ಯಾಪಾರದ ಮಾತುಕತೆಯೆಲ್ಲ ಅದರಲ್ಲೇ. ಹೊಸ ಖಾತೆ ತೆರೆಯುವಾಗ ಈಗಾಗಲೇ ಖಾತೆ ಇರುವವರೊಬ್ಬರು ಕೋಡ್ ಸ್ಕ್ಯಾನ್ ಮಾಡಿ ದೃಢೀಕರಿಸಬೇಕಾಗಿ ಬರಬಹುದು. ಪರಿಚಯದ ಸಪ್ಲೈಯರ್‌ಗೆ ಮೊದಲೇ ಹೇಳಿಡಿ.

ನಕ್ಷೆಗೆ ಗೂಗಲ್ ಬೇಡ. ಚೀನಾ ಬಳಸುವ ಅಕ್ಷಾಂಶ, ರೇಖಾಂಶದ ಲೆಕ್ಕವೇ ಬೇರೆ, ಹಾಗಾಗಿ ಗೂಗಲ್‌ನಲ್ಲಿ ನೀವು ನಿಂತ ಜಾಗ ನೂರಾರು ಮೀಟರ್ ಪಕ್ಕಕ್ಕೆ ಕಾಣಬಹುದು. ಅಮ್ಯಾಪ್ ಹಾಕಿಕೊಳ್ಳಿ. ಐಫೋನ್ ಇದ್ದರೆ ಆ್ಯಪಲ್ ಮ್ಯಾಪ್ಸ್ ಸಾಕು. ಕಾರಿಗೆ ಅಲಿಪೇ ಒಳಗೇ ದಿದಿ (ಓಲಾ, ಊಬರ್ ತರಹದ್ದು) ಇದೆ. ಹತ್ತಿದಾಗ ಡ್ರೈವರ್ ನಿಮ್ಮ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಕೇಳುತ್ತಾರೆ, ತೋರಿಸಿದರೆ ಆಯಿತು.

ಇನ್ನು ಪ್ಲಗ್: ನಮ್ಮ ದುಂಡು ಪಿನ್ ಅಲ್ಲಿ ಕೂರುವುದಿಲ್ಲ, ಯೂನಿವರ್ಸಲ್ ಅಡಾಪ್ಟರ್ ಬೇಕು. ಚೀನಾದೊಳಗೆ ವಿಮಾನ ಹತ್ತುವವರಿಗೆ 2025ರ ಜೂನ್ 28ರಿಂದ ಇನ್ನೊಂದು ನಿಯಮ ಬಂದಿದೆ. 3ಸಿ (ಚೀನಾದ ಸುರಕ್ಷತಾ ಪ್ರಮಾಣ) ಗುರುತು ಇಲ್ಲದ ಪವರ್ ಬ್ಯಾಂಕ್ ಅನ್ನು ದೇಶೀಯ ವಿಮಾನಕ್ಕೆ ಬಿಡುವುದಿಲ್ಲ.

ನಡೆದಾಡಿ

ಕ್ಯಾಂಟನ್ ಟವರ್ ಹತ್ತಲು ಸಮಯ ಕೊಡಬೇಡಿ. 600 ಮೀಟರ್ ಎತ್ತರದ ಆ ಗೋಪುರ ಚೆನ್ನಾಗಿ ಕಾಣುವುದು ಹೊರಗಿನಿಂದ. ಸಂಜೆ ಏಳರ ಹೊತ್ತಿಗೆ ಪರ್ಲ್ ನದಿಯ ಉತ್ತರ ದಡದ ಹ್ವಾಚೆಂಗ್ ಚೌಕಕ್ಕೆ ಹೋಗಿ. 2010ರಲ್ಲಿ ತೆರೆದ ಜಹಾ ಹದೀದ್ ವಿನ್ಯಾಸದ ಒಪೆರಾ ಹೌಸ್ ಅಲ್ಲೇ ಇದೆ, ಟವರ್‌ನ ದೀಪಗಳೂ ಎದುರಿಗೇ ಕಾಣುತ್ತವೆ. ಚಾಲಕನಿಲ್ಲದ ಎಪಿಎಂ ರೈಲು ಆ ಚೌಕದ ಕೆಳಗೇ ಹಾದು ಟವರ್‌ವರೆಗೆ ಹೋಗುತ್ತದೆ, ಎಲ್ಲಿಂದ ಎಲ್ಲಿಗೆ ಹೋದರೂ 2 ಯುವಾನ್.

ಹಗಲನ್ನು ಪೂರ್ತಿ ಪಶ್ಚಿಮದ ಲಿವಾನ್ ಪ್ರದೇಶಕ್ಕೆ ಕೊಡಿ. ಈ ಊರಿನ ನಿಜವಾದ ಗುಣ ಅಲ್ಲಿದೆ. ಮೆಟ್ರೊ 1ನೇ ಲೈನ್‌ನಲ್ಲಿ ಚೆನ್‌ಜ್ಯಾಸಿ ನಿಲ್ದಾಣದಲ್ಲಿ ಇಳಿದರೆ ಚೆನ್ ಮನೆತನದ ಸಭಾಭವನ. 1894ರಲ್ಲಿ ಮುಗಿದ ಕಟ್ಟಡ, ಟಿಕೆಟ್ 10 ಯುವಾನ್. ಒಳಗೆ ಹೋಗುವ ಮುಂಚೆ ಅಂಗಳದಲ್ಲಿ ನಿಂತು ಚಾವಣಿಯ ಏಣನ್ನು ನೋಡಿ. ನಾಟಕದ ದೃಶ್ಯಗಳು, ಮಹಡಿಮನೆಗಳು, ಕುದುರೆ ಸವಾರರು, ಎಲ್ಲವೂ ಹೊಳಪು ಕೊಟ್ಟು ಸುಟ್ಟ ಮಣ್ಣಿನ ಗೊಂಬೆಗಳು. ಪಕ್ಕದ ಫೋಶಾನ್‌ನ ಶಿವಾನ್ ಕುಂಬಾರರ ಕೆಲಸ ಅದು. ಪಿಂಗಾಣಿ, ಅಡುಗೆ ಸಾಮಾನಿನ ವ್ಯಾಪಾರದವರು ಒಂದು ಗಂಟೆ ಸುಮ್ಮನೆ ನೋಡುತ್ತ ನಿಲ್ಲಬಹುದಾದಷ್ಟು ಸರಕು ಆ ಮಾಡಿನ ಮೇಲಿದೆ.

ಅಲ್ಲಿಂದ ಒಂದು ನಿಲ್ದಾಣ ಮುಂದೆ ಚಾಂಗ್‌ಶೌ ಲು. ಜೇಡ್ ಕಲ್ಲಿನ ಅಂಗಡಿಗಳ ಸಂದಿಯೊಳಗೆ ಹ್ವಾಲಿನ್ ದೇವಾಲಯ ಇದೆ. ನಮ್ಮ ದಕ್ಷಿಣದಿಂದ ಸಮುದ್ರದ ಮೇಲೆ ಹೋದ ಬೋಧಿಧರ್ಮ ಚೀನಾದಲ್ಲಿ ಕಾಲಿಟ್ಟದ್ದು ಇಲ್ಲೇ ಎಂಬ ಪ್ರತೀತಿ ಇದೆ. ಒಳಗೆ 500 ಅರ್ಹಂತರ ಮೂರ್ತಿಗಳ ಸಾಲು. ಮುಂದೆ ಎನ್‌ನಿಂಗ್ ರಸ್ತೆಯಲ್ಲಿ ನಡೆಯಿರಿ. ಮನೆಯ ಮೇಲಂತಸ್ತು ಕಾಲುದಾರಿಯ ಮೇಲೆ ಚಾಚಿ ಕಂಬಗಳ ಮೇಲೆ ನಿಂತಿರುತ್ತದೆ, ಹಾಗಾಗಿ ಮಳೆ, ಬಿಸಿಲು ಎರಡೂ ತಾಕುವುದಿಲ್ಲ. ಯೊಂಗ್‌ಚಿಂಗ್‌ಫಾಂಗ್ ಓಣಿಗಳನ್ನು ದುರಸ್ತಿ ಮಾಡಿ ಚೆಂದಗೊಳಿಸಿದ್ದಾರೆ, ಫೋಟೊ ತೆಗೆಯುವವರ ಜಾತ್ರೆ ಹೆಚ್ಚು. ಅದರ ಹಿಂದಿನ ಗಲ್ಲಿಗಳೇ ವಾಸಿ.

ಕೊನೆಗೆ ಹ್ವಾಂಗ್‌ಷಾ ನಿಲ್ದಾಣದ ಹತ್ತಿರ ಶಾಮ್ಯೆನ್ ದ್ವೀಪ. 1860ರ ಆಸುಪಾಸಿನಲ್ಲಿ ಬ್ರಿಟಿಷರು, ಫ್ರೆಂಚರು ಪಡೆದುಕೊಂಡ ಜಾಗ. ದೊಡ್ಡ ಮರಗಳು, ಹಳೆಯ ಬ್ಯಾಂಕ್ ಕಟ್ಟಡಗಳು, ವಾಹನ ಕಡಿಮೆ. ಸೇತುವೆ ದಾಟಿದರೆ ಚಿಂಗ್‌ಪಿಂಗ್ ಔಷಧಿ ಮಾರುಕಟ್ಟೆ: ಒಣಗಿದ ಬೇರು, ಅಣಬೆ, ಜೊತೆಗೆ ಚೇಳು, ಸಮುದ್ರಕುದುರೆ. ಸಸ್ಯಾಹಾರಿಗಳಿಗೆ ಆ ವಾಸನೆ ಕಷ್ಟವಾಗಬಹುದು.

ಮೆಟ್ರೊ ದರ 2 ಯುವಾನ್‌ನಿಂದ ಶುರು. ಯಂತ್ರದಲ್ಲಿ ಇಂಗ್ಲಿಷ್ ಇದೆ. ಬರುವುದು ಪ್ಲಾಸ್ಟಿಕ್ ಬಿಲ್ಲೆ: ಒಳಗೆ ಹೋಗುವಾಗ ಗೇಟಿಗೆ ತಾಕಿಸಿ, ಹೊರಬರುವಾಗ ಸೀಳಿನಲ್ಲಿ ಹಾಕಿ. ಪ್ರತಿ ನಿಲ್ದಾಣದಲ್ಲೂ ಬ್ಯಾಗ್ ತಪಾಸಣೆ ಇರುತ್ತದೆ, ಅದಕ್ಕೆ ಐದು ನಿಮಿಷ ಸೇರಿಸಿಕೊಳ್ಳಿ. ನಿಲ್ದಾಣದ ಹೆಸರಿನ ಜೊತೆ ಯಾವ ಅಕ್ಷರದ ದ್ವಾರ ಎಂಬುದನ್ನೂ ನೋಡಿಟ್ಟುಕೊಳ್ಳಿ. ತಪ್ಪು ದ್ವಾರದಲ್ಲಿ ಹೊರಬಂದರೆ ಎಂಟು ಪಥದ ರಸ್ತೆಯ ಆಚೆ ಬದಿಯಲ್ಲಿ ಇರುತ್ತೀರಿ. ಸಂಜೆ ಆರರಿಂದ ಏಳರವರೆಗೆ 3ನೇ ಲೈನ್, ಅದರಲ್ಲೂ ತಿಯು ಶಿಲು ನಿಲ್ದಾಣ ಬೇಡವೇ ಬೇಡ. ಮೇಳ ನಡೆಯುವ ಪಝೌಗೆ 8ನೇ ಲೈನ್ ಜೊತೆ ಈಗ 11ನೇ ವರ್ತುಲ ಲೈನ್ ಕೂಡ ಬಂದಿದೆ (2024ರ ಡಿಸೆಂಬರ್‌ನಿಂದ).

ಒಂದು ಎಚ್ಚರಿಕೆ: ಎಲೆಕ್ಟ್ರಿಕ್ ಸ್ಕೂಟರ್‌ಗಳು ಫುಟ್‌ಪಾತ್ ಮೇಲೂ ಹಿಂದಿನಿಂದ ಸದ್ದಿಲ್ಲದೆ ಬರುತ್ತವೆ. ಫೋನ್ ನೋಡುತ್ತ ಪಕ್ಕಕ್ಕೆ ಸರಿಯಬೇಡಿ.

ಸೊಪ್ಪುಸಾರು

ಊಟದ ವಿಷಯಕ್ಕೆ ಬಂದರೆ, ತರಕಾರಿ ಅಂದ ಮಾತ್ರಕ್ಕೆ ಶಾಕಾಹಾರ ಅಂತ ನಂಬಬೇಡಿ. ಬೇಯಿಸಿದ ಸೊಪ್ಪಿನ ಮೇಲೆ ಆಯ್ಸ್ಟರ್ ಸಾಸ್ (ಸಿಂಪಿಯಿಂದ ಮಾಡಿದ್ದು) ಸುರಿಯುವುದು ಅಲ್ಲಿನ ಮಾಮೂಲಿ ಪದ್ಧತಿ. ಪಲ್ಯಕ್ಕೆ ಕೋಳಿ ಪುಡಿ, ಕೆಲವೊಮ್ಮೆ ಹಂದಿ ಕೊಬ್ಬು. ಮಡಕೆಯ ಬದನೆಕಾಯಿಯಲ್ಲಿ ಉಪ್ಪುಮೀನು ಅಥವಾ ಕೊಚ್ಚಿದ ಮಾಂಸ, ಮೂಲಂಗಿ ಕೇಕಿನಲ್ಲಿ ಸಾಸೇಜ್ ಚೂರು. ಸೂಪ್ ಬಹುಮಟ್ಟಿಗೆ ಮೂಳೆಯದೇ. ಆದ್ದರಿಂದ "ವೋ ಚಿ ಸು" (ನಾನು ಸಸ್ಯಾಹಾರಿ) ಅಂದರಷ್ಟೇ ಸಾಲದು. ಮಾಂಸ, ಮೀನು, ಸಿಗಡಿ, ಮೊಟ್ಟೆ, ಆಯ್ಸ್ಟರ್ ಸಾಸ್, ಕೋಳಿ ಪುಡಿ, ಹಂದಿ ಕೊಬ್ಬು ಬೇಡ ಎಂದು ಒಂದೊಂದನ್ನೂ ಹೆಸರಿಸಿ ಚೀನೀಯಲ್ಲಿ ಬರೆಸಿ, ಫೋನಿನಲ್ಲಿ ಚಿತ್ರವಾಗಿ ಇಟ್ಟುಕೊಳ್ಳಿ. ಅನುವಾದ ಆ್ಯಪ್‌ಗೆ ನೆಟ್ ಸಿಗದಿದ್ದರೂ ಚಿತ್ರ ತೋರಿಸಬಹುದು.

ಚಿಂತೆಯಿಲ್ಲದ ಜಾಗ ಬೌದ್ಧ ಶಾಕಾಹಾರಿ ಹೋಟೆಲ್‌ಗಳು. ಬೀಜಿಂಗ್ ಲು ಎಂಬ ರಸ್ತೆಯ ಬಳಿಯ ದಾಫೋ ದೇವಾಲಯ, ಹಳೇ ಊರಿನ ಗುವಾಂಗ್‌ಶಾವ್ ದೇವಾಲಯದ ಸುತ್ತ ಹುಡುಕಿ. ಅವುಗಳಲ್ಲಿ ಕಟ್ಟುನಿಟ್ಟಾದವು ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಮೀನು, ಬಾತುಕೋಳಿಯಂತೆ ಕಾಣುವ ತಟ್ಟೆ ಬಂದರೆ ಗಾಬರಿ ಬೇಡ, ಅದು ಸೋಯಾ ಅಥವಾ ಅಣಬೆ. ಬೆಳಗಿನ ತಿಂಡಿಗೆ "ಜಾಯ್ ಚೋಂಗ್" ಕೇಳಿ: ಅಕ್ಕಿ ಹಿಟ್ಟಿನ ತೆಳು ಹಾಳೆಯನ್ನು ಆವಿಯಲ್ಲಿ ಬೇಯಿಸಿ, ಒಳಗೆ ಏನೂ ತುಂಬದೆ ಸುತ್ತಿ, ಸೋಯಾ ಸಾಸ್ ಹಾಕಿ ಕೊಡುತ್ತಾರೆ. ನೀರುದೋಸೆ ತಿಂದವರಿಗೆ ಅದು ಬೇಗ ಒಗ್ಗುತ್ತದೆ. ಬಿಳಿ ಗಂಜಿಯೂ ಸಿಗುತ್ತದೆ. ಭಾರತೀಯ ಊಟವೇ ಬೇಕೆಂದರೆ ಶ್ಯಾವ್‌ಬೈ, ತಾವ್‌ಜಿನ್ ಕಡೆ (5ನೇ ಲೈನ್) ಹೋಗಿ.

ಸಪ್ಲೈಯರ್ ಚಹಾ ಮನೆಗೆ ಕರೆದರೆ ತಪ್ಪಿಸಬೇಡಿ. ಮೊದಲು ಬರುವ ಬಿಸಿ ಚಹಾದಲ್ಲಿ ಬಟ್ಟಲು, ಕಡ್ಡಿಗಳನ್ನು ಜಾಲಿಸಿ ಆ ನೀರನ್ನು ದೊಡ್ಡ ಬೋಗುಣಿಗೆ ಚೆಲ್ಲುತ್ತಾರೆ, ಅದನ್ನು ಕುಡಿಯಬೇಡಿ. ನಿಮಗೆ ಚಹಾ ಬಗ್ಗಿಸಿದಾಗ ಎರಡು ಬೆರಳಿನಿಂದ ಮೇಜನ್ನು ಮೆಲ್ಲಗೆ ತಟ್ಟಿದರೆ ಅದೇ ಧನ್ಯವಾದ. ಬಿಸಿನೀರು ಬೇಕಾದರೆ ಚಹಾ ಪಾತ್ರೆಯ ಮುಚ್ಚಳ ಓರೆಯಾಗಿ ಇಟ್ಟರೆ ಸಾಕು.

ಪಾತ್ರೆ ವ್ಯಾಪಾರಿ, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಗಟು ಬಜಾರ್ ಒಂದಾದರೂ ನೋಡುವ ಆಸೆ ಇದೆ. ಹಾಂಗ್‌ಕಾಂಗ್ ವಿಷಯವನ್ನೂ ಯಾರಾದರೂ ಹೇಳಿ.

ಬಂದರು

ಬಜಾರ್‌ಗೆ ಹೋಗುವುದಾದರೆ ಶಿಸಾನ್‌ಹಾಂಗ್‌ಗೆ ಹೋಗಿ, ಶಾಮ್ಯೆನ್‌ನಿಂದ ನಡೆದೇ ತಲುಪಬಹುದು. 1757ರಿಂದ 1842ರವರೆಗೆ ಪಾಶ್ಚಾತ್ಯರ ಹಡಗುಗಳಿಗೆ ಚೀನಾದಲ್ಲಿ ತೆರೆದಿದ್ದದ್ದು ಈ ಬಂದರೊಂದೇ. ಅವರ ಮಳಿಗೆಗಳು ಇದ್ದದ್ದು ಈ ಭಾಗದಲ್ಲಿ. ಬಾಂಬೆಯ ಪಾರ್ಸಿ ವರ್ತಕರೂ ಹತ್ತಿ, ಅಫೀಮು ತಂದು ಇಲ್ಲೇ ವ್ಯಾಪಾರ ಮಾಡುತ್ತಿದ್ದರು. ಈಗ ಅದು ಬಟ್ಟೆಯ ಸಗಟು ಪೇಟೆ. ಬೆಳಗಿನ ಜಾವವೇ ಶುರುವಾಗಿ ಮಧ್ಯಾಹ್ನದ ಹೊತ್ತಿಗೆ ಮೂಟೆ ಕಟ್ಟಿ ಮುಗಿಸುತ್ತಾರೆ, ಹಾಗಾಗಿ ನಡೆದಾಡಿ ಹೇಳಿದ ದಾರಿಯನ್ನು ತಿರುಗಿಸಿ ಇಲ್ಲಿಂದಲೇ ಶುರುಮಾಡಿ. ಕೈಗಾಡಿಗಳಿಗೆ ದಾರಿ ಬಿಟ್ಟು ನಡೆಯಿರಿ, ಅವರು ನಿಲ್ಲಿಸುವುದಿಲ್ಲ. ಸ್ಯಾಂಪಲ್ ಎಂದು ಒಂದೆರಡು ಕೇಳಿದರೆ ಬಹಳ ಮಳಿಗೆಗಳಲ್ಲಿ ಕೊಡುವುದಿಲ್ಲ. ಯಾವ ಮಳಿಗೆಯವರೇ ಆಗಲಿ, ಮುಂಗಡವನ್ನು ಕಂಪನಿ ಖಾತೆ ಬಿಟ್ಟು ವ್ಯಕ್ತಿಯ ಹೆಸರಿನ ಖಾತೆಗೆ ಹಾಕಿ ಅಂದರೆ ಅಲ್ಲಿಗೇ ನಿಲ್ಲಿಸಿ.

ಹಾಂಗ್‌ಕಾಂಗ್‌ಗೆ ಕಾಲಿಟ್ಟರೆ ಚೀನಾ ಬಿಟ್ಟಂತೆಯೇ ಲೆಕ್ಕ, ಸಿಂಗಲ್ ಎಂಟ್ರಿ ವೀಸಾ ಅಲ್ಲಿಗೆ ಮುಗಿಯಿತು. ಎಲ್ಲ ಕೆಲಸ ಮುಗಿಸಿ ಕೊನೆಗೆ ಆ ಕಡೆ ಹೋಗುವುದಾದರೆ ತೊಂದರೆ ಇಲ್ಲ. ನಡುವೆ ಹೋಗಿಬರುವುದಾದರೆ ಅರ್ಜಿ ಹಾಕುವಾಗಲೇ ಡಬಲ್ ಎಂಟ್ರಿ ಕೇಳಬೇಕು. ಭಾರತೀಯರು ಹಾಂಗ್‌ಕಾಂಗ್ ಪ್ರವೇಶಕ್ಕೆ ಆನ್‌ಲೈನ್‌ನಲ್ಲಿ ಪೂರ್ವ ನೋಂದಣಿ ಮಾಡಿ ಚೀಟಿಯನ್ನು ಮುದ್ರಿಸಿಕೊಂಡಿರಬೇಕು. ಇದು ಉಚಿತ, 14 ದಿನದವರೆಗೆ ಇರಬಹುದು. ಹೈಸ್ಪೀಡ್ ರೈಲು ಗುವಾಂಗ್‌ಝೌ ದಕ್ಷಿಣ ನಿಲ್ದಾಣದಿಂದ ಹಾಂಗ್‌ಕಾಂಗ್‌ನ ವೆಸ್ಟ್ ಕೌಲೂನ್ ನಿಲ್ದಾಣಕ್ಕೆ ಸುಮಾರು ಒಂದು ಗಂಟೆ. ಎರಡೂ ಕಡೆಯ ಇಮಿಗ್ರೇಷನ್ ವೆಸ್ಟ್ ಕೌಲೂನ್‌ನಲ್ಲೇ ಆಗುತ್ತದೆ. ಟಿಕೆಟ್ ಪಾಸ್‌ಪೋರ್ಟ್ ನಂಬರಿಗೇ ಅಂಟಿರುತ್ತದೆ, ಬುಕ್ ಮಾಡುವಾಗ ಒಂದು ಅಂಕಿ ತಪ್ಪಿದರೂ ಗೇಟ್ ತೆರೆಯುವುದಿಲ್ಲ. ದಕ್ಷಿಣ ನಿಲ್ದಾಣ ಪಝೌದಿಂದ ದೂರ, ನಿಲ್ದಾಣದೊಳಗಿನ ನಡಿಗೆಯೂ ಉದ್ದ. ರೈಲಿನ ಸಮಯಕ್ಕೆ ಎರಡು ಗಂಟೆ ಮುಂಚೆ ಹೋಟೆಲ್ ಬಿಡಿ.