ಬಿಟ್ಟಿ: ದುಡಿದವನೋ, ತಿಂದವನೋ?

ಗೆಳೆಯರೇ, ನಮಸ್ಕಾರ. ಕೋಲಾರದಿಂದ ಬರೆಯುತ್ತಿದ್ದೇನೆ.

ಕೆರೆ, ಕಾಡು, ಗೋಮಾಳದಂಥ ಊರೊಟ್ಟಿನ ಆಸ್ತಿಯನ್ನು ಜನ ಹೇಗೆ ಕಾಪಾಡಿಕೊಳ್ಳುತ್ತಾರೆ ಅನ್ನುವ ಬಗ್ಗೆ ಒಂದು ಪಾಠವನ್ನು ಡಿಗ್ರಿ ಮಕ್ಕಳಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ‘ಫ್ರೀ ರೈಡರ್’ ಅನ್ನುವ ಪದದ ಹತ್ತಿರ ಬಂದು ನಿಂತಿದ್ದೇನೆ.

ಅರ್ಥ ಇಷ್ಟು: ತನ್ನ ಪಾಲು ಹಾಕದೆ ಫಲ ಮಾತ್ರ ಪಡೆಯುವವನು. ಒಂದು ಆಟ ಅಂದುಕೊಳ್ಳಿ. ನಾಲ್ಕು ಜನ, ತಲಾ 10 ರೂಪಾಯಿ. ಹುಂಡಿಗೆ ಹಾಕಿದ ದುಡ್ಡು ಎರಡರಷ್ಟಾಗಿ ನಾಲ್ವರಿಗೂ ಸಮನಾಗಿ ಬರುತ್ತದೆ. ಎಲ್ಲರೂ ಹಾಕಿದರೆ ಒಬ್ಬೊಬ್ಬರಿಗೆ 20. ಒಬ್ಬ ಹಾಕದೆ ಜೇಬಲ್ಲೇ ಇಟ್ಟುಕೊಂಡರೆ ಉಳಿದವರಿಗೆ 15, ಅವನಿಗೆ ಜೇಬಿನ 10 ಸೇರಿ 25. ಆ 25 ರೂಪಾಯಿಯವನೇ ಫ್ರೀ ರೈಡರ್. ಇಂಥ ಆಟವನ್ನು ಸಂಶೋಧಕರು ಎಷ್ಟೋ ದೇಶಗಳಲ್ಲಿ ಆಡಿಸಿದ್ದಾರೆ. ಮೊದಮೊದಲು ಜನ ಧಾರಾಳವಾಗಿ ಹಾಕುತ್ತಾರೆ, ಸುತ್ತು ಕಳೆದಂತೆ ಕಮ್ಮಿಯಾಗುತ್ತಾ ಹೋಗುತ್ತದೆ.

ನಾನು ‘ಬಿಟ್ಟಿ ಸವಾರ’ ಅಂತ ಬರೆದಿದ್ದೆ. ಜಗಲಿ ಮೇಲೆ ಕೂತು ದೊಡ್ಡಪ್ಪನಿಗೆ ಓದಿ ಹೇಳಿದೆ. ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು. “ಬಿಟ್ಟಿ ಅಂದ್ರೆ ದುಡಿದೋನು ಕಣಪ್ಪಾ, ತಿಂದೋನಲ್ಲ. ಕೂಲಿ ಇಲ್ದೆ ಮಾಡಿದ್ದು ಬಿಟ್ಟಿ” ಅಂದರು.

ಹೌದಲ್ವಾ! ಸಂಸ್ಕೃತದ ‘ವಿಷ್ಟಿ’ ಇದರ ನೆಂಟ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಒತ್ತಾಯದ ದುಡಿಮೆ. ತೆಲುಗಿನ ವೆಟ್ಟಿಚಾಕಿರಿ, ತಮಿಳಿನ ವೆಟ್ಟಿ ಎರಡೂ ನಮ್ಮ ಊರಿನ ಬಾಯಲ್ಲಿ ಇವೆ. ಕನ್ನಡದಲ್ಲೂ ‘ಬಿಟ್ಟಿ ಚಾಕರಿ’ ಅಂದರೆ ದುಡಿದು ಕಳೆದುಕೊಂಡವನ ಮಾತು. ‘ಬಿಟ್ಟಿ ಊಟ’ ಅಂದರೆ ದುಡಿಯದೆ ಉಂಡವನ ಮಾತು. ಕಾಸಿಲ್ಲದೆ ಅನ್ನುವ ಎಳೆ ಒಂದೇ, ಆದರೆ ನೋವು ಪೂರಾ ತಿರುಗಿಬಿಟ್ಟಿದೆ. ಊರಿಗೆ ಬೆವರು ಸುರಿಸಿದವರ ಪದವನ್ನು ಬೆವರು ಸುರಿಸದವನಿಗೆ ಕೊಡಲು ನನಗೆ ಮನಸ್ಸು ಬರುತ್ತಿಲ್ಲ.

ಇದು ಬರೀ ಪದದ ಹಟವಲ್ಲ. 2000ದಲ್ಲಿ ಅರ್ಥಶಾಸ್ತ್ರಜ್ಞ ಹ್ವಾನ್ ಕಮಿಲೊ ಕಾರ್ದೆನಾಸ್ ಮತ್ತು ಜೊತೆಯವರು ಕೊಲಂಬಿಯಾದ ಹಳ್ಳಿಗರ ಜೊತೆ ಮಾಡಿದ ಒಂದು ಪ್ರಯೋಗ ಪ್ರಕಟವಾಯಿತು. ಕಾಡಿನಿಂದ ಎಷ್ಟು ಸೌದೆ ತರುತ್ತೀರಿ ಅನ್ನುವುದೇ ಆಟ. ಜಾಸ್ತಿ ತಂದರೆ ಹಳ್ಳದ ನೀರು ಕೆಡುತ್ತದೆ. ಒಂದು ಗುಂಪಿನವರಿಗೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲು ಬಿಟ್ಟರು. ಇನ್ನೊಂದಕ್ಕೆ ಹೊರಗಿನಿಂದ ಮಿತಿ ಹಾಕಿ, ಅಪರೂಪಕ್ಕೊಮ್ಮೆ ತಪಾಸಣೆ ಮಾಡಿ ದಂಡ ಹಾಕಿದರು. ಮಾತಾಡಿಕೊಂಡವರೇ ಕಾಡನ್ನು ಚೆನ್ನಾಗಿ ಉಳಿಸಿದರು. ದಂಡದ ಗುಂಪಿನವರು ಸುತ್ತು ಕಳೆದಂತೆ ತಂತಮ್ಮ ಲಾಭದ ಕಡೆಗೇ ವಾಲಿದರು. ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದೂ ಊರೊಟ್ಟಿನ ಆಸ್ತಿಯ ಅಧ್ಯಯನಕ್ಕೇ.

ಮೇಲಿನಿಂದ ಹೇರಿದ್ದು ಬಿಟ್ಟಿ. ಊರೇ ಕೂತು ಒಪ್ಪಿಕೊಂಡದ್ದು ‘ಮನೆಗೊಂದಾಳು’. ಕೆರೆ ಕಾಲುವೆಯ ಹೂಳು ತೆಗೆಯಲು ಆಳು ಕಳಿಸಿ, ಕೆರೆ ನೀರು ಹಂಚುವ ನೀರುಗಂಟಿ ತೂಬು ಎತ್ತಿದಾಗ ಸರದಿಯ ನೀರು ಪಡೆಯುತ್ತಿದ್ದರು. ಆಳು ಕಳಿಸದೆ ನೀರು ಮಾತ್ರ ಹಾಯಿಸಿಕೊಂಡವನನ್ನು ಏನೆಂದು ಕರೆಯುತ್ತಿದ್ದರು? ನನಗೆ ಬೇಕಾದ್ದು ಆ ಪದ.

ಮೈಗಳ್ಳ ಆಗುವುದಿಲ್ಲ. ಅವನು ತನ್ನ ಹೊಲದಲ್ಲಿ ಚೆನ್ನಾಗೇ ದುಡಿಯುತ್ತಾನೆ, ಊರ ಕೆಲಸಕ್ಕೆ ಮಾತ್ರ ಜಾರಿಕೊಳ್ಳುತ್ತಾನೆ. ‘ಪುಕ್ಕಟೆ ಪಾಲುಗಾರ’ ಸ್ವಲ್ಪ ಉದ್ದವಾಯಿತು. ಮೈಗಳ್ಳನ ಹಾಗೆಯೇ ‘ಸರದಿಗಳ್ಳ’ ಅಂತ ಕಟ್ಟಿದರೆ ಹೇಗೆ? ತನ್ನ ಸರದಿಯ ಕೆಲಸ ತಪ್ಪಿಸಿಕೊಂಡವನು ಅಂತ ತಿಳಿಯುತ್ತದೆಯೇ, ಇನ್ನೊಬ್ಬರ ಸರದಿ ಕದ್ದವನು ಅಂತ ಅನಿಸುತ್ತದೆಯೇ?

ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆಯವರು, ಅದರಲ್ಲೂ ನೀರುಗಂಟಿ ಮನೆಗಳವರು ಇದ್ದರೆ ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ತೆಲುಗು ಮಾತಾದರೂ ಪರವಾಗಿಲ್ಲ.