ಬಾಯಿ ತೆರೆದರೆ ನನಗೆ ಲಟಕ್ ಅನ್ನುತ್ತೆ, ಮಾವನಿಗೆ ಬಾಯೇ ತೆರೆಯಲ್ಲ: ಎರಡೂ ಒಂದೇ ತೊಂದರೆನಾ?

ಮಂಡಗದ್ದೆ ಸೊಸೆ

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊಯ್ಲು ಶುರುವಾದಾಗಿಂದ ನನಗೆ ಎಡಗಿವಿಯ ಮುಂದೆ ನೋವು. ಆಕಳಿಸಿದರೆ, ರೊಟ್ಟಿ ಅಗಿದರೆ ಲಟಕ್ ಅಂತ ಸದ್ದು. ಪಕ್ಕದಲ್ಲಿ ಕೂತು ಅಡಿಕೆ ಸುಲಿಯುವ ಅತ್ತಿಗೆಗೂ ಕೇಳಿಸುತ್ತಂತೆ. ಕಿವಿ ಡಾಕ್ಟರ ಹತ್ತಿರ ಹೋದೆ. ಲೈಟ್ ಬಿಟ್ಟು ನೋಡಿ, ಕಿವಿಯಲ್ಲಿ ಏನೂ ಇಲ್ಲ, ಹಲ್ಲಿನವರಿಗೆ ತೋರಿಸಿ ಅಂದರು. ಕಿವಿ ನೋವಿಗೆ ಹಲ್ಲಿನವರು ಯಾಕೆ ಅಂತ ಅರ್ಥವಾಗಲಿಲ್ಲ.

ಇನ್ನೊಂದು ವಿಷಯ. ನಮ್ಮ ಮಾವನವರಿಗೆ ಬಾಯಿ ಪೂರ್ತಿ ತೆರೆಯೋಕೆ ಆಗುವುದಿಲ್ಲ. ಕಡುಬನ್ನು ಚೂರು ಚೂರು ಮಾಡಿ ಒಳಗೆ ತಳ್ಳುತ್ತಾರೆ. ಕವಳ (ಎಲೆ-ಅಡಿಕೆ) ಮಾತ್ರ ತಪ್ಪುವುದಿಲ್ಲ. "ನಂದೂ ನಿನ್ನ ಹಾಗೇ ದವಡೆ ಕೀಲು, ವಯಸ್ಸಾಯ್ತಲ್ಲ" ಅನ್ನುತ್ತಾರೆ. ಹೌದಾ?

ತುಂಗಾ ದಂಡೆ

ನಮ್ಮ ಭಾವ ಆಗುಂಬೆ ಘಾಟಿ ಇಳಿಯುವ ಬಸ್ಸಿನಲ್ಲಿ ಜೋರಾಗಿ ಆಕಳಿಸಿದರು. ತೆರೆದ ಬಾಯಿ ಮುಚ್ಚಲೇ ಇಲ್ಲ! ಮಾತಿಲ್ಲ, ಬರೀ ಜೊಲ್ಲು. ಸೋಮೇಶ್ವರದವರೆಗೂ ಟವೆಲ್ ಅಡ್ಡ ಹಿಡಿದು ಕೂತಿದ್ದರು. ಕೊನೆಗೆ ಡಾಕ್ಟರು ಕೆಳಗಿನ ದವಡೆ ಹಲ್ಲುಗಳ ಮೇಲೆ ಎರಡೂ ಹೆಬ್ಬೆರಳಿಟ್ಟು ಕೆಳಕ್ಕೆ ಒತ್ತಿ ಹಿಂದಕ್ಕೆ ತಳ್ಳಿದರು, ಕೂತುಕೊಂಡಿತು. ಲಟಕ್ ಅನ್ನೋದನ್ನ ಹಾಗೇ ಬಿಟ್ಟರೆ ಹೀಗೇ ಆಗೋದು. ಹುಷಾರು ಅಕ್ಕ.

ಸಾಗರದ ಹಲ್ಲು ಡಾಕ್ಟ್ರು

ತುಂಗಾ ದಂಡೆಯವರೇ, ಸುಮ್ನೆ ಹೆದರಿಸಬೇಡಿ. ನಿಮ್ಮ ಭಾವನ ಕಥೆ ಬೇರೆ, ಈ ಅಕ್ಕನ ಕಥೆ ಬೇರೆ, ಅವರ ಮಾವನದ್ದು ಮತ್ತೂ ಬೇರೆ. ಮೂರನ್ನೂ ಒಂದೇ ಬುಟ್ಟಿಗೆ ಹಾಕಬಾರದು.

ಅಕ್ಕ, ಎರಡೂ ತೋರುಬೆರಳನ್ನು ಕಿವಿಯ ಮುಂದೆ ಇಟ್ಟು ನಿಧಾನವಾಗಿ ಬಾಯಿ ತೆರೆಯಿರಿ. ಒಂದು ಗುಂಡನೆಯ ಮೂಳೆ ಮೊದಲು ಇದ್ದಲ್ಲೇ ತಿರುಗುತ್ತೆ, ಆಮೇಲೆ ಬೆರಳಿನಡಿಯಿಂದ ಮುಂದಕ್ಕೆ ಜಾರುತ್ತೆ. ಅದು ಕೆಳದವಡೆಯ ತಲೆ. ಅದು ಕೂತಿರುವ ಗುಳಿ ಕಪಾಲದ ಮೂಳೆಯಲ್ಲಿದೆ. ಬಾಯಿ ತೆರೆಯುವ ಮೊದಲ 20-25 ಮಿಲಿಮೀಟರ್ ಹೆಚ್ಚೂಕಮ್ಮಿ ತಿರುಗುವ ಕೆಲಸ, ಉಳಿದದ್ದು ಜಾರುವ ಕೆಲಸ. ಮೊಣಕೈ ಬರೀ ಮಡಚುತ್ತೆ. ಇದು ಎರಡೂ ಮಾಡುತ್ತೆ, ಅದೂ ಎಡಬಲ ಎರಡೂ ಕೀಲು ಒಟ್ಟಿಗೆ. ಒಂದೇ ಮೂಳೆ ನೋಡಿ, ಒಂದನ್ನು ಬಿಟ್ಟು ಇನ್ನೊಂದು ಅಲುಗಾಡುವ ಹಾಗಿಲ್ಲ.

ಆ ತಲೆಗೂ ಗುಳಿಗೂ ನಡುವೆ ಒಂದು ಮೆತ್ತನೆಯ ಬಿಲ್ಲೆ ಇದೆ. ತೋಟದ ಕೆಲಸಕ್ಕೆ ಅಡಿಕೆ ಹಾಳೆಯ ಟೊಪ್ಪಿ ಹಾಕುತ್ತಾರಲ್ಲ, ಹಾಗೆ ದವಡೆಯ ತಲೆ ಮೇಲೆ ಕೂತಿರುತ್ತೆ. ಟೊಪ್ಪಿ ಮುಂದಕ್ಕೆ ಜಾರಿದ್ದರೆ, ಬಾಯಿ ತೆರೆಯುವಾಗ ತಲೆ ಅದರ ಅಂಚು ದಾಟಿ ಮತ್ತೆ ಅಡಿಗೆ ನುಗ್ಗುತ್ತೆ. ನಿಮಗೆ ಕೇಳುವ ಲಟಕ್ ಸಾಮಾನ್ಯವಾಗಿ ಅದೇ. ನೋವಿಲ್ಲದ ಸದ್ದು ತುಂಬಾ ಜನರಿಗೆ ಇರುತ್ತೆ, ಅದಕ್ಕೆ ಔಷಧಿ ಬೇಡ. ಭಾವನವರಿಗೆ ಆಗಿದ್ದು ಕೀಲು ತಪ್ಪಿದ್ದು: ಗುಳಿಯ ಮುಂದಿನ ಉಬ್ಬನ್ನು ದಾಟಿದ ತಲೆ ವಾಪಸ್ ಬರಲಿಲ್ಲ, ಸ್ನಾಯು ಬಿಗಿದು ಅಲ್ಲೇ ಹಿಡಿದುಕೊಂಡಿತು.

ಕಿವಿ ಯಾಕೆ ಅಂದಿರಿ. ಈ ಕೀಲು ಕಿವಿಯ ಹಾದಿಗೆ ಅಂಟಿಕೊಂಡೇ ಇದೆ. ಕೀಲಿನ ನೋವು ಒಯ್ಯುವ ನರವೇ ಕಿವಿಯ ಮುಂಭಾಗಕ್ಕೂ ಹೋಗುತ್ತೆ. ನೋವು ಎಲ್ಲಿಂದ ಬಂತು ಅಂತ ಮಿದುಳಿಗೆ ಬಿಡಿಸಿ ಹೇಳಲು ಬರುವುದಿಲ್ಲ. ನಿಮ್ಮ ಕಿವಿ ಡಾಕ್ಟರು ಸರಿಯಾದ ಕಡೆಗೇ ಕಳಿಸಿದ್ದಾರೆ.

ಈಗ ನನ್ನ ಪ್ರಶ್ನೆ. ಒಂದೇ ಕಡೆ ಅಗಿಯುತ್ತೀರಾ? ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತಾಗ ಹಲ್ಲು ಕಚ್ಚಿಕೊಂಡಿರುತ್ತೀರಾ? ಮಾವನವರ ಬಾಯಿಗೆ ಅವರದೇ ಮೂರು ಬೆರಳು ನೆಟ್ಟಗೆ ಹೋಗುತ್ತಾ? ಖಾರ ತಿಂದರೆ ಉರಿಯುತ್ತಾ?

ಮಂಡಗದ್ದೆ ಸೊಸೆ

ಡಾಕ್ಟ್ರೇ, ಬಲಗಡೆ ದವಡೆ ಹಲ್ಲು ಕೀಳಿಸಿದ ಮೇಲೆ ಎಡಗಡೆಯಲ್ಲೇ ಅಗಿಯುವುದು. ಹಲ್ಲು ಕಚ್ಚುವುದು ನನಗೆ ಗೊತ್ತೇ ಇರಲಿಲ್ಲ, ನಿನ್ನೆ ಸುಲಿಯುವಾಗ ಗಮನಿಸಿದೆ. ದವಡೆ ಗಟ್ಟಿ ಬಿಗಿದೇ ಇತ್ತು!

ಮಾವನವರಿಗೆ ಎರಡು ಬೆರಳು ಹೋಗುವುದೇ ಕಷ್ಟ. ಸಾರಿಗೆ ಖಾರ ಬೇಡ ಅನ್ನುತ್ತಲೇ ಇರುತ್ತಾರೆ, ವಯಸ್ಸಿನ ಹಟ ಅಂದುಕೊಂಡಿದ್ದೆವು. ಆದರೆ "ನಾನು ಹೊಗೆಸೊಪ್ಪು ಮುಟ್ಟಿದವನಲ್ಲ, ಮನೆ ತೋಟದ ಅಡಿಕೆ, ಅದೂ ಸರಕು, ಮೇಲ್ದರ್ಜೆಯದ್ದು" ಅಂತಾರೆ.

ಸಾಗರದ ಹಲ್ಲು ಡಾಕ್ಟ್ರು

ಸರಕಾಗಲಿ, ಕಡಿಮೆ ದರ್ಜೆಯ ಗೊರಬಲಾಗಲಿ, ಕೆನ್ನೆಯ ಒಳಪದರಕ್ಕೆ ಮಂಡಿಯ ರೇಟು ಗೊತ್ತಾಗಲ್ಲ. ಹೊಗೆಸೊಪ್ಪು ಇಲ್ಲದಿದ್ದರೂ ಬರೀ ಅಡಿಕೆ ಸಾಕು. ಅದರಲ್ಲಿರುವ ಅರೆಕೊಲಿನ್ ಒಳಪದರದ ಜೀವಕೋಶಗಳನ್ನು ಕೆಣಕಿ ನಾರು ಜಾಸ್ತಿ ಮಾಡಿಸುತ್ತೆ. ಕ್ರಮೇಣ ಕೆನ್ನೆ ಹಿಗ್ಗುವುದೇ ಇಲ್ಲ. ಇಲ್ಲಿ ಕೀಲು ನಿರಪರಾಧಿ, ಅದು ಜಾರಲು ತಯಾರಿದ್ದರೂ ಕೆನ್ನೆ ಬಿಡುತ್ತಿಲ್ಲ. ಬೆಳಕಲ್ಲಿ ಬಾಯೊಳಗೆ ನೋಡಿ: ಒಳಕೆನ್ನೆ ಬಿಳಿಚಿಕೊಂಡಿದ್ದು, ಬೆರಳಿಗೆ ಬಿಗಿದ ಪಟ್ಟಿ ಸಿಕ್ಕರೆ ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು. ಮುಂದೆ ಕ್ಯಾನ್ಸರ್‌ಗೆ ತಿರುಗುವ ಸಾಧ್ಯತೆ ಇರುವ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿದೆ. ಇದನ್ನು ಬರೆಯಲು ನನಗೇನೂ ಖುಷಿಯಿಲ್ಲ, ನಮ್ಮ ಮನೆಯ ಅನ್ನವೂ ಅಡಿಕೆಯದ್ದೇ. ಮಾರುವುದು ಬೇರೆ, ಅಗಿಯುವುದು ಬೇರೆ. ಕವಳ ಇವತ್ತೇ ನಿಲ್ಲಿಸಲಿ, ತಪಾಸಣೆ ತಡ ಮಾಡಬೇಡಿ.

ನಿಮ್ಮದು ಅಷ್ಟು ಗಾಬರಿಯದಲ್ಲ. ಕೆಲವು ವಾರ ಗಂಜಿ, ಮೆತ್ತನೆ ಅನ್ನ. ನಿಪ್ಪಟ್ಟು, ಕೋಡುಬಳೆ ಬೇಡ. ಬಿಸಿನೀರಿನ ಶಾಖ ಕೊಡಿ. ಸುಮ್ಮನೆ ಇರುವಾಗ ತುಟಿ ಮುಚ್ಚಿರಲಿ, ಮೇಲಿನ ಹಲ್ಲಿಗೆ ಕೆಳಗಿನದು ತಾಗದಿರಲಿ. ಆಕಳಿಕೆ ಬಂದರೆ ಗದ್ದದಡಿಗೆ ಮುಷ್ಟಿ ಕೊಡಿ. ಬಲಗಡೆ ಹಲ್ಲು ಕಟ್ಟಿಸುವ ಬಗ್ಗೆ ನೋವು ತಗ್ಗಿದ ಮೇಲೆ ನೋಡೋಣ. ಸದ್ದು ನಿಂತು ಬಾಯಿಯೂ ಅರ್ಧಕ್ಕೇ ನಿಂತರೆ ಮಾತ್ರ ಕಾಯಬೇಡಿ. ಬಿಲ್ಲೆ ಮುಂದೆಯೇ ಸಿಕ್ಕಿಕೊಂಡಿದೆ ಅಂತ ಅರ್ಥ.

ಮಂಡಗದ್ದೆ ಸೊಸೆ

ಮಾವ ಹೊರಡಲು ಒಪ್ಪಿದ್ದಾರೆ, ಆದರೆ ಕವಳದ ಚೀಲ ಜೊತೆಗೆ ಬರುತ್ತಂತೆ. ತೀರ್ಥಹಳ್ಳಿಯಲ್ಲೇ ಆಗುತ್ತಾ, ಶಿವಮೊಗ್ಗಕ್ಕೇ ಹೋಗಬೇಕಾ?

ಸಾಗರದ ಹಲ್ಲು ಡಾಕ್ಟ್ರು

ಶಿವಮೊಗ್ಗಕ್ಕೇ ಹೋಗಿ. ಡೆಂಟಲ್ ಕಾಲೇಜಿನಲ್ಲಿ ಓರಲ್ ಸರ್ಜರಿ ವಿಭಾಗ ಕೇಳಿ. ಅನುಮಾನ ಬಂದರೆ ಚಿಕ್ಕ ತುಂಡು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಚೀಲ ನೀವೇ ಹಿಡ್ಕೊಳ್ಳಿ.